ಹದಿಮೂರನೆಯ ಸುತ್ತಿನ ಲೆಕ್ಕ: ಬೇರೆ ಬೇರೆ ಕಾಲದ ಹೆವಿವೇಟ್ ಚಾಂಪಿಯನ್ನರು ಎದುರಾದರೆ

1970ರ ಜನವರಿ 20ರ ರಾತ್ರಿ ಅಮೆರಿಕ ಮತ್ತು ಇತರ ಕೆಲವು ದೇಶಗಳ ಸುಮಾರು 1,500 ಚಿತ್ರಮಂದಿರಗಳಲ್ಲಿ ಜನ ಟಿಕೆಟ್ ಕೊಂಡು ಕುಳಿತು ಒಂದು ಬಾಕ್ಸಿಂಗ್ ಪಂದ್ಯವನ್ನು ನೋಡಿದರು. ರಿಂಗ್‌ನ ಒಂದು ಮೂಲೆಯಲ್ಲಿ ರಾಕಿ ಮಾರ್ಸಿಯಾನೊ, ಇನ್ನೊಂದು ಮೂಲೆಯಲ್ಲಿ ಮುಹಮ್ಮದ್ ಅಲಿ. ಹದಿಮೂರನೆಯ ಸುತ್ತಿನಲ್ಲಿ ಅಲಿ ನೆಲಕ್ಕೆ ಬಿದ್ದರು, ರೆಫರಿ ಹತ್ತರವರೆಗೆ ಎಣಿಸಿದರು, ಮಾರ್ಸಿಯಾನೊ ಗೆದ್ದರು. ಆದರೆ ಗೆದ್ದವರು ಆ ವೇಳೆಗೆ ತೀರಿಕೊಂಡು ಐದು ತಿಂಗಳಾಗುತ್ತ ಬಂದಿತ್ತು. 1969ರ ಆಗಸ್ಟ್ 31ರಂದು, ತಮ್ಮ 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಅಯೋವಾ ರಾಜ್ಯದಲ್ಲಿ ಸಣ್ಣ ವಿಮಾನವೊಂದು ಉರುಳಿ ಅವರು ಮೃತಪಟ್ಟಿದ್ದರು. ಸೋತವರಿಗೆ ಆಗ ಬಾಕ್ಸಿಂಗ್ ಆಡುವ ಪರವಾನಗಿಯೇ ಇರಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ನಿರಾಕರಿಸಿದ್ದಕ್ಕಾಗಿ 1967ರಲ್ಲಿ ಅದನ್ನು ಕಿತ್ತುಕೊಳ್ಳಲಾಗಿತ್ತು. ಪಂದ್ಯದ ಫಲಿತಾಂಶವನ್ನು ನಿರ್ಧರಿಸಿದ್ದು ಕಂಪ್ಯೂಟರ್ ಎಂದು ಪ್ರಚಾರ ಮಾಡಲಾಗಿತ್ತು.

ಇದರ ಹಿಂದೆ ಇದ್ದವರು ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್. 1967ರಲ್ಲಿ ಅವರು ಹದಿನಾರು ಮಂದಿ ಹೆವಿವೇಟ್ ಚಾಂಪಿಯನ್ನರನ್ನು ಆರಿಸಿಕೊಂಡು, ಒಬ್ಬೊಬ್ಬರ ವೇಗ, ಗುದ್ದಿನ ಬಲ, ಪೆಟ್ಟು ತಾಳುವ ಶಕ್ತಿ ಮುಂತಾದ ಗುಣಗಳಿಗೆ ಬಾಕ್ಸಿಂಗ್ ಬರಹಗಾರರಿಂದ ಅಂಕ ಹಾಕಿಸಿ, ಅವನ್ನೆಲ್ಲ ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಉಣಿಸಿ, ಅದು ಕೊಟ್ಟ ಫಲಿತಾಂಶಗಳನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ರೇಡಿಯೊದಲ್ಲಿ ಪ್ರಸಾರ ಮಾಡಿದರು. ಕೊನೆಯ ಪಂದ್ಯದಲ್ಲಿ ಜ್ಯಾಕ್ ಡೆಂಪ್ಸಿಯನ್ನು ಮಣಿಸಿ ಮಾರ್ಸಿಯಾನೊ ಸರ್ವಕಾಲದ ಚಾಂಪಿಯನ್ ಎನಿಸಿಕೊಂಡರು. ಅಲಿ ಕ್ವಾರ್ಟರ್ ಫೈನಲಿನಲ್ಲೇ ಹೊರಬಿದ್ದಿದ್ದರು. ಅವರನ್ನು ಸೋಲಿಸಿದ್ದು 1899ರಿಂದ 1905ರವರೆಗೆ ಪಟ್ಟದಲ್ಲಿದ್ದ ಜಿಮ್ ಜೆಫ್ರೀಸ್. ಬದುಕಿದ್ದ, ಅದುವರೆಗೆ ಒಂದೂ ಪಂದ್ಯ ಸೋಲದಿದ್ದ ಬಾಕ್ಸರನನ್ನು ಯಂತ್ರವೊಂದು ಸೋಲಿಸಿದರೆ ಅವನು ಸುಮ್ಮನಿದ್ದಾನೆಯೇ? ತಮ್ಮ ಹೆಸರಿಗೆ ಕಳಂಕ ಬಂತೆಂದು ಅಲಿ ಹತ್ತು ಲಕ್ಷ ಡಾಲರಿಗೆ ಮೊಕದ್ದಮೆ ಹೂಡಿದರು. ಮಾರ್ಸಿಯಾನೊ ಜೊತೆ ಕ್ಯಾಮೆರಾ ಮುಂದೆ ಸೆಣಸಲು 10,000 ಡಾಲರ್ ಕೊಡುವುದಾಗಿ ವೊರೊನರ್ ಒಪ್ಪಿದ ಮೇಲೆ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

1969ರ ಬೇಸಿಗೆಯಲ್ಲಿ ಮಯಾಮಿಯ ಸ್ಟುಡಿಯೊವೊಂದರಲ್ಲಿ ಚಿತ್ರೀಕರಣ ನಡೆಯಿತು. ಅಲಿಗೆ 27 ವರ್ಷ. ಎರಡು ವರ್ಷ ಪಂದ್ಯವಿಲ್ಲದೆ ಸೊಂಟದ ಸುತ್ತ ಸ್ವಲ್ಪ ಬೊಜ್ಜು ಬಂದಿತ್ತು. 45ರ ಮಾರ್ಸಿಯಾನೊ ನಿವೃತ್ತರಾಗಿ ಹದಿಮೂರು ವರ್ಷಗಳಾಗಿದ್ದವು. ಈ ಚಿತ್ರಕ್ಕಾಗಿ ಅವರು ಇಪ್ಪತ್ತು ಕಿಲೊಗೂ ಹೆಚ್ಚು ತೂಕ ಇಳಿಸಿ, ಬೋಳಾದ ತಲೆಗೆ ಕೃತಕ ಕೂದಲು ಹಾಕಿಕೊಂಡು ರಿಂಗಿಗೆ ಇಳಿದಿದ್ದರು. ಒಂದೊಂದು ನಿಮಿಷದ ಸುಮಾರು ಎಪ್ಪತ್ತು ಸುತ್ತುಗಳನ್ನು ಚಿತ್ರೀಕರಿಸಲಾಯಿತು. ತಲೆಗೆ ಬೀಳುವ ಗುದ್ದುಗಳನ್ನು ತಡೆದು ಹಾಕುತ್ತಿದ್ದರು. ಹೊಟ್ಟೆ ಪಕ್ಕೆಗಳಿಗೆ ಬೀಳುತ್ತಿದ್ದವು ಬಹುಪಾಲು ನಿಜವಾದವೇ. ಹಲವು ಬಗೆಯ ಅಂತ್ಯಗಳನ್ನು ಚಿತ್ರೀಕರಿಸಿಟ್ಟುಕೊಂಡಿದ್ದರಿಂದ ಯಾರು ಗೆಲ್ಲುತ್ತಾರೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಇದಾಗಿ ಕೆಲವೇ ವಾರಗಳಲ್ಲಿ ಮಾರ್ಸಿಯಾನೊ ತೀರಿಕೊಂಡರು. ಚಿತ್ರ ತೆರೆಕಂಡ ಮೇಲೆ, ಆ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾದದ್ದಿರಬೇಕು ಎಂದು ಅಲಿ ಹಾಸ್ಯ ಮಾಡಿದ್ದು ಪ್ರಸಿದ್ಧ. ಕರಿಯರ ಹಕ್ಕುಗಳ ವಿಷಯದಲ್ಲಿ ಆ ರಾಜ್ಯಕ್ಕಿದ್ದ ಹೆಸರನ್ನು ಬಲ್ಲವರಿಗೆ ಆ ಮಾತಿನ ಮೊನೆ ಅರ್ಥವಾಗುತ್ತದೆ.

ಯಾವ ಕಾಲದವರು ಮೇಲು ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಅಲಿಯನ್ನು "ಸೋಲಿಸಿದ" ಜೆಫ್ರೀಸರ ಕಥೆಯಲ್ಲೇ ಅದರ ಬೇರು ಕಾಣುತ್ತದೆ. 1908ರಲ್ಲಿ ಜ್ಯಾಕ್ ಜಾನ್ಸನ್ ಹೆವಿವೇಟ್ ಪಟ್ಟ ಗೆದ್ದ ಮೊದಲ ಕರಿಯರಾದಾಗ, ನಮ್ಮ ಜೆಫ್ರೀಸ್ ಇದ್ದಿದ್ದರೆ ಇವನ ಕಥೆ ಬೇರೆಯೇ ಆಗುತ್ತಿತ್ತು ಎಂಬ ಮಾತು ಬಿಳಿಯರ ಪತ್ರಿಕೆಗಳಲ್ಲಿ ತುಂಬಿಹೋಯಿತು. ಇದು ಕೇವಲ ಹರಟೆಯಾಗಿ ಉಳಿಯಲಿಲ್ಲ. ಸೋಲರಿಯದೆ ನಿವೃತ್ತರಾಗಿ ವರ್ಷಗಳೇ ಕಳೆದಿದ್ದ, ಮೈ ಬೆಳೆದಿದ್ದ ಜೆಫ್ರೀಸರನ್ನು ಒತ್ತಾಯಿಸಿ, ತೂಕ ಇಳಿಸಿಸಿ, 1910ರ ಜುಲೈ 4ರಂದು ನೆವಾಡಾದ ರೆನೊ ಊರಿನಲ್ಲಿ ಜಾನ್ಸನ್ ಎದುರು ನಿಲ್ಲಿಸಲಾಯಿತು. ಹದಿನೈದನೆಯ ಸುತ್ತಿನಲ್ಲಿ ಜಾನ್ಸನ್ ಜೆಫ್ರೀಸರನ್ನು ಕೆಡವಿದರು. ಆ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಜನಾಂಗೀಯ ಗಲಭೆಗಳಾಗಿ ಜನ ಸತ್ತರು. ಪಂದ್ಯದ ಚಿತ್ರಸುರುಳಿಯನ್ನು ಅನೇಕ ಕಡೆ ನಿಷೇಧಿಸಿದರು, 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ತಡೆಯುವ ಕಾನೂನು ಬಂತು. ಅದು ರದ್ದಾದದ್ದು 1940ರಲ್ಲಿ.

ತಾರುಣ್ಯದಲ್ಲಿದ್ದಾಗಲೂ ತಮಗೆ ಜಾನ್ಸನ್‌ರನ್ನು ಸೋಲಿಸಲು ಆಗುತ್ತಿರಲಿಲ್ಲ ಎಂದು ಜೆಫ್ರೀಸರೇ ಪಂದ್ಯದ ನಂತರ ಒಪ್ಪಿಕೊಂಡದ್ದು ವರದಿಯಾಯಿತು. ಅವರ ಅಭಿಮಾನಿಗಳು ಒಪ್ಪಲಿಲ್ಲ. ವಯಸ್ಸಾದವನನ್ನು ಸೋಲಿಸಿದ್ದು ಯಾವ ಗೆಲುವು ಎಂದರು. ನಿಜವಾದ ಪಂದ್ಯ ನಡೆದು ಫಲಿತಾಂಶ ಬಂದ ಮೇಲೂ ಕಲ್ಪನೆಯ ಪಂದ್ಯ ನಿಲ್ಲಲಿಲ್ಲ ಎಂಬುದೇ ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು.

ಹಳಬರ ಮೇಲಿನ ಈ ಒಲವು ಬಾಕ್ಸಿಂಗ್ ಬರವಣಿಗೆಯಲ್ಲಿ ಬಹುಕಾಲ ಉಳಿಯಿತು. 1922ರಲ್ಲಿ "ದಿ ರಿಂಗ್" ಪತ್ರಿಕೆಯನ್ನು ಆರಂಭಿಸಿದ ನ್ಯಾಟ್ ಫ್ಲೈಶರ್ ತಲೆಮಾರುಗಳ ಕಾಲ ಈ ಕ್ರೀಡೆಯ ಪ್ರಮಾಣಪುರುಷರೆನಿಸಿದ್ದರು. 1950ರ ದಶಕದ ಕೊನೆಯಲ್ಲಿ ಅವರು ಮಾಡಿದ ಸರ್ವಕಾಲದ ಹೆವಿವೇಟ್ ಪಟ್ಟಿಯಲ್ಲಿ ಜ್ಯಾಕ್ ಜಾನ್ಸನ್ ಮೊದಲಿಗರು, ಜೆಫ್ರೀಸ್ ಎರಡನೆಯವರು. ಒಂದೂ ಪಂದ್ಯ ಸೋಲದೆ ನಿವೃತ್ತರಾದ ಮಾರ್ಸಿಯಾನೊ ಹತ್ತನೆಯವರು. 1887ರಲ್ಲಿ ಹುಟ್ಟಿದ ಫ್ಲೈಶರ್ ಹದಿಹರೆಯದಲ್ಲಿದ್ದಾಗ ಜೆಫ್ರೀಸ್ ಪಟ್ಟದಲ್ಲಿದ್ದರು ಎಂಬುದನ್ನು ನೆನಪಿಟ್ಟುಕೊಂಡು ಆ ಪಟ್ಟಿಯನ್ನು ನೋಡಬೇಕು. ಇಂಥ ಹಿರಿಯರ ಅಭಿಪ್ರಾಯವೇ ಚಾಲ್ತಿಯಲ್ಲಿದ್ದ ಕಾಲದಲ್ಲಿ ಬರಹಗಾರರಿಂದ ಅಂಕ ಹಾಕಿಸಿಕೊಂಡ ಕಂಪ್ಯೂಟರ್, ಜೆಫ್ರೀಸರ ಕೈಯಲ್ಲಿ ಅಲಿಯನ್ನು ಸೋಲಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಯಂತ್ರ ಲೆಕ್ಕ ಮಾಡಿತ್ತು, ನಿಜ. ಆದರೆ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಮನುಷ್ಯರ ನೆನಪಿನಿಂದ ಬಂದಿದ್ದವು.

ಕ್ರಿಕೆಟ್ ಬಲ್ಲ ನಮಗೆ ಈ ತೊಡಕು ಅಷ್ಟು ಬೇಗ ಕಾಣುವುದಿಲ್ಲ. ಅಲ್ಲಿ ಸರಾಸರಿ ಎಂಬುದೊಂದಿದೆ. ಬ್ರಾಡ್ಮನ್ ಅವರ 99.94ರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಬಾಕ್ಸಿಂಗ್‌ನಲ್ಲಿ ಗೆಲುವು ಸೋಲಿನ ಎಣಿಕೆ ಎದುರಾಳಿ ಯಾರೆಂಬುದನ್ನು ಅವಲಂಬಿಸಿದೆ. ಅದಕ್ಕಿಂತ ಹೆಚ್ಚಾಗಿ, ಪಂದ್ಯ ಯಾವ ನಿಯಮದಲ್ಲಿ ನಡೆಯಿತೆಂಬುದನ್ನು ಅವಲಂಬಿಸಿದೆ. ಕಲ್ಪಿತ ಪಂದ್ಯಗಳ ವಾದದಲ್ಲಿ ಎಲ್ಲರೂ ಬಾಕ್ಸರರನ್ನು ಕಾಲದಿಂದ ಕಾಲಕ್ಕೆ ಸಾಗಿಸುತ್ತಾರೆ, ನಿಯಮಪುಸ್ತಕವನ್ನು ಯಾರೂ ಜೊತೆಗೆ ಒಯ್ಯುವುದಿಲ್ಲ.

ಡೆಂಪ್ಸಿಯವರನ್ನೇ ತೆಗೆದುಕೊಳ್ಳಿ. 1919ರ ಜುಲೈ 4ರಂದು ಟೊಲೆಡೊದಲ್ಲಿ ಸುಮಾರು 85 ಕಿಲೊ ತೂಕದ ಡೆಂಪ್ಸಿ, 110 ಕಿಲೊ ದಾಟಿದ, ಆರೂವರೆ ಅಡಿ ಎತ್ತರದ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದರು. ಬಿದ್ದವರು ಎದ್ದು ನಿಲ್ಲುವವರೆಗೆ ದೂರದ ಮೂಲೆಗೆ ಹೋಗಿ ಕಾಯಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಆ ಪಂದ್ಯದ ಚಿತ್ರದಲ್ಲಿ ಡೆಂಪ್ಸಿ ಬಿದ್ದ ವಿಲ್ಲರ್ಡ್ ಪಕ್ಕದಲ್ಲೇ ಸುಳಿದಾಡುತ್ತಾರೆ, ದೈತ್ಯ ಮಂಡಿ ಎತ್ತಿ ಏಳುತ್ತಿದ್ದಂತೆ ಮತ್ತೆ ಗುದ್ದುತ್ತಾರೆ. ಎಂಟು ವರ್ಷಗಳ ನಂತರ, 1927ರ ಸೆಪ್ಟೆಂಬರ್ 22ರಂದು ಷಿಕಾಗೊದಲ್ಲಿ, ಪಟ್ಟವನ್ನು ಮರಳಿ ಪಡೆಯಲು ಹೊರಟ ಅದೇ ಡೆಂಪ್ಸಿ ಏಳನೆಯ ಸುತ್ತಿನಲ್ಲಿ ಜೀನ್ ಟನ್ನಿಯನ್ನು ಕೆಡವಿದರು. ಹಳೆಯ ಅಭ್ಯಾಸದಂತೆ ಅವರ ತಲೆಯ ಮೇಲೆಯೇ ನಿಂತರು. ಈಗ ನಿಯಮ ಬೇರೆಯಾಗಿತ್ತು. ಡೆಂಪ್ಸಿ ತಟಸ್ಥ ಮೂಲೆಗೆ ಹೋಗುವವರೆಗೆ ರೆಫರಿ ಎಣಿಕೆ ಶುರುಮಾಡಲಿಲ್ಲ, ಟನ್ನಿಗೆ ನೆಲದ ಮೇಲೆ ಸುಮಾರು ಹದಿನಾಲ್ಕು ಸೆಕೆಂಡು ಸಿಕ್ಕಿತು, ಅವರು ಒಂಬತ್ತಕ್ಕೆ ಎದ್ದರು, ಹತ್ತು ಸುತ್ತು ಮುಗಿದಾಗ ಅಂಕಗಳ ಮೇಲೆ ಗೆದ್ದರು. ಡೆಂಪ್ಸಿ ಮತ್ತು ಅಲಿ ಎದುರಾದರೆ ಏನಾಗುತ್ತದೆಂದು ಕೇಳುವವರು, 1919ರ ಡೆಂಪ್ಸಿಯೋ 1927ರ ನಿಯಮಕ್ಕೆ ಒಳಪಟ್ಟ ಡೆಂಪ್ಸಿಯೋ ಎಂದು ಮೊದಲು ಹೇಳಬೇಕಾಗುತ್ತದೆ.

ಇನ್ನು ಹದಿಮೂರನೆಯ ಸುತ್ತು. 1941ರ ಜೂನ್ 18ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್ ಮೈದಾನದಲ್ಲಿ, ತಮಗಿಂತ ಹತ್ತು ಕಿಲೊಗೂ ಹೆಚ್ಚು ತೂಗುತ್ತಿದ್ದ ಜೋ ಲೂಯಿ ಅವರನ್ನು ಬಿಲ್ಲಿ ಕಾನ್ ಹನ್ನೆರಡು ಸುತ್ತು ಆಡಿಸಿ ಅಂಕಗಳಲ್ಲಿ ಮುಂದಿದ್ದರು. ತಪ್ಪಿಸಿಕೊಂಡು ಆಡಿದ್ದರೆ ಸಾಕಿತ್ತು. ಕೆಡವಿಯೇ ಗೆಲ್ಲುವ ಆಸೆಯಿಂದ ಹದಿಮೂರನೆಯ ಸುತ್ತಿನಲ್ಲಿ ಮೇಲೆರಗಿ ಹೋದ ಅವರನ್ನು ಆ ಸುತ್ತು ಮುಗಿಯಲು ಎರಡೇ ಸೆಕೆಂಡು ಇದ್ದಾಗ ಲೂಯಿ ನಾಕೌಟ್ ಮಾಡಿದರು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಟ್ ವಿರುದ್ಧ ಮಾರ್ಸಿಯಾನೊ ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಹಿಂದಿದ್ದರು. ಮೊದಲ ಸುತ್ತಿನಲ್ಲಿ ಒಮ್ಮೆ ನೆಲವನ್ನೂ ಕಂಡಿದ್ದರು. ಹದಿಮೂರನೆಯ ಸುತ್ತಿನಲ್ಲಿ ಅವರ ಬಲಗೈಯ ಒಂದೇ ಗುದ್ದಿಗೆ ವಾಲ್ಕಟ್ ಹಗ್ಗದ ಮೇಲೆ ಒರಗಿ ಕುಸಿದರು. ಅದುವೇ ಮಾರ್ಸಿಯಾನೊ ಪಟ್ಟ ಪಡೆದ ಗಳಿಗೆ.

ಈಗ ಹೆವಿವೇಟ್ ಪಟ್ಟದ ಪಂದ್ಯಕ್ಕೆ ಹನ್ನೆರಡೇ ಸುತ್ತು. 1982ರ ನವೆಂಬರಿನಲ್ಲಿ ಲಾಸ್ ವೇಗಾಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ ಕೊರಿಯಾದ ಲೈಟ್‌ವೇಟ್ ಬಾಕ್ಸರ್ ಡುಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ಸತ್ತ ಮೇಲೆ ವಿಶ್ವ ಬಾಕ್ಸಿಂಗ್ ಮಂಡಳಿ ಹದಿನೈದು ಸುತ್ತನ್ನು ಕೈಬಿಟ್ಟಿತು, ಇತರ ಸಂಸ್ಥೆಗಳು ಆ ದಶಕದಲ್ಲೇ ಅದೇ ದಾರಿ ಹಿಡಿದವು. ಇಂದಿನ ಲೆಕ್ಕವನ್ನು ಹಿಂದಕ್ಕೆ ಒಯ್ದರೆ ಲೂಯಿ 1941ರಲ್ಲಿ ಪಟ್ಟ ಕಳೆದುಕೊಳ್ಳುತ್ತಿದ್ದರು, ಮಾರ್ಸಿಯಾನೊ ವಾಲ್ಕಟ್‌ಗೆ ಸೋಲುತ್ತಿದ್ದರು, 49 ಪಂದ್ಯ 49 ಗೆಲುವು ಎಂಬ ದಾಖಲೆ ಹುಟ್ಟುತ್ತಲೇ ಇರಲಿಲ್ಲ. ಇನ್ನೂ ಹಿಂದೆ ಹೋದರೆ ಲೆಕ್ಕ ಮತ್ತಷ್ಟು ಕಲಸಿಹೋಗುತ್ತದೆ. 1915ರ ಏಪ್ರಿಲಿನಲ್ಲಿ ಹವಾನಾದ ಬಿಸಿಲಿನಲ್ಲಿ ಜಾನ್ಸನ್ ಅವರು ವಿಲ್ಲರ್ಡ್‌ಗೆ ಪಟ್ಟ ಬಿಟ್ಟುಕೊಟ್ಟದ್ದು 45 ಸುತ್ತಿಗೆ ಗೊತ್ತುಮಾಡಿದ್ದ ಪಂದ್ಯದ 26ನೆಯ ಸುತ್ತಿನಲ್ಲಿ. ಅಂಥ ಪಂದ್ಯದಲ್ಲಿ ಮೊದಲ ಹತ್ತು ಸುತ್ತು ಉಸಿರು ಉಳಿಸಿಕೊಳ್ಳುವುದೇ ಜಾಣತನ. ಹನ್ನೆರಡು ಸುತ್ತಿನ ಪಂದ್ಯದಲ್ಲಿ ಅದೇ ಸೋಲಿನ ದಾರಿ.

ಹೆವಿವೇಟ್ ಎಂಬ ಹೆಸರಿನಡಿ ಬರುವ ಮೈಗಳೂ ಒಂದೇ ಅಲ್ಲ. ವಾಲ್ಕಟ್ ಎದುರು ಮಾರ್ಸಿಯಾನೊ ತೂಗಿದ್ದು 184 ಪೌಂಡ್, ಅಂದರೆ ಸುಮಾರು 84 ಕಿಲೊ. ಇಂದು 200 ಪೌಂಡ್ ಒಳಗಿನವರಿಗೆ ಕ್ರೂಸರ್‌ವೇಟ್ ಎಂಬ ಬೇರೆಯೇ ವರ್ಗವಿದೆ. ಮಾರ್ಸಿಯಾನೊ, ಡೆಂಪ್ಸಿ ಇಬ್ಬರೂ ಅಲ್ಲಿಗೆ ಸೇರುತ್ತಾರೆ. ಆರು ಅಡಿ ಒಂಬತ್ತು ಇಂಚಿನ ಟೈಸನ್ ಫ್ಯೂರಿ ಎದುರು ಐದಡಿ ಹತ್ತರ ಮಾರ್ಸಿಯಾನೊ ನಿಂತರೆ ಏನಾದೀತೆಂದು ನಗುವವರಿದ್ದಾರೆ. ಆದರೂ ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಒಲೆಕ್ಸಾಂಡರ್ ಉಸಿಕ್ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ, ತಮಗಿಂತ ಹದಿನೇಳು ಕಿಲೊ ಭಾರದ ಅದೇ ಫ್ಯೂರಿಯನ್ನು ಅಂಕಗಳ ಮೇಲೆ ಸೋಲಿಸಿದರು, ಡಿಸೆಂಬರಿನಲ್ಲಿ ಮತ್ತೊಮ್ಮೆ ಸೋಲಿಸಿದರು. ಉಸಿಕ್ ಆರು ಅಡಿ ಮೂರು ಇಂಚು ಎತ್ತರದವರು, ನೂರು ಕಿಲೊ ತೂಗುವವರು ಎಂಬುದನ್ನೂ ಹೇಳಲೇಬೇಕು. ಅವರನ್ನು ಮಾರ್ಸಿಯಾನೊ ಪರ ಸಾಕ್ಷಿಯಾಗಿ ಪೂರ್ತಿ ಬಳಸಲು ಬರುವುದಿಲ್ಲ.

ಎರಡು ಕಾಲದವರು ನಿಜವಾಗಿ ಎದುರಾದ ಉದಾಹರಣೆಗಳೂ ಇವೆ. 1951ರ ಅಕ್ಟೋಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 37ರ ಲೂಯಿಯನ್ನು ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗದ ಆಚೆ ಬೀಳುವಂತೆ ಗುದ್ದಿದರು. 1980ರಲ್ಲಿ ಲಾರಿ ಹೋಮ್ಸ್, ಒಂದು ಕಾಲದಲ್ಲಿ ತಾವು ಅಭ್ಯಾಸದ ಜೊತೆಗಾರನಾಗಿದ್ದ ಅಲಿಯನ್ನೇ ಸೋಲಿಸಬೇಕಾಯಿತು. 1988ರಲ್ಲಿ ಮೈಕ್ ಟೈಸನ್ ಕೈಯಲ್ಲಿ ಹೋಮ್ಸ್ ಬಿದ್ದರು. ಪ್ರತಿ ಸಲವೂ ಒಂದು ಬದಿಯಲ್ಲಿ ಮುದುಕ, ಇನ್ನೊಂದು ಬದಿಯಲ್ಲಿ ತರುಣ. ಇದರಿಂದ ಕಾಲಗಳ ಹೋಲಿಕೆ ಆಗುವುದಿಲ್ಲ. ಒಂದೇ ಒಂದು ಪಂದ್ಯ ಮಾತ್ರ ಈ ಸಾಲಿಗೆ ಒಗ್ಗುವುದಿಲ್ಲ. 1974ರಲ್ಲಿ ಕಿನ್ಷಾಸಾದಲ್ಲಿ ಅಲಿಗೆ ಪಟ್ಟ ಸೋತ ಜಾರ್ಜ್ ಫೋರ್ಮನ್, ಇಪ್ಪತ್ತು ವರ್ಷಗಳ ನಂತರ, 1994ರ ನವೆಂಬರ್ 5ರಂದು, ಅಂದು ತೊಟ್ಟಿದ್ದ ಕೆಂಪು ಚಡ್ಡಿಯನ್ನೇ ತೊಟ್ಟು ರಿಂಗಿಗೆ ಬಂದರು. ಅವರಿಗೆ 45, ಎದುರಾಳಿ ಮೈಕೆಲ್ ಮೂರರ್‌ಗೆ 26. ಒಂಬತ್ತು ಸುತ್ತು ಪೆಟ್ಟು ತಿಂದು, ಅಂಕಗಳಲ್ಲಿ ಬಹಳ ಹಿಂದೆ ಬಿದ್ದಿದ್ದ ಫೋರ್ಮನ್ ಹತ್ತನೆಯ ಸುತ್ತಿನಲ್ಲಿ ಗಲ್ಲಕ್ಕೆ ಕೊಟ್ಟ ಒಂದು ಗುದ್ದಿಗೆ ಮೂರರ್ ಏಳಲಿಲ್ಲ. 1970ರ ದಶಕದವರು ಇಂದಿನವರ ಮುಂದೆ ನಿಲ್ಲಲಾರರು ಎನ್ನುವವರಿಗೆ ಹಳೆಯ ಅಭಿಮಾನಿಗಳು ಇಂದಿಗೂ ತೋರಿಸುವುದು ಈ ಪಂದ್ಯವನ್ನೇ.

ಮಾರ್ಸಿಯಾನೊ ಪರವಾಗಿ ವಾದಿಸುವವರು ಎಷ್ಟು ಸಲ 49 ಗೆಲುವುಗಳನ್ನು ಎಣಿಸುತ್ತಾರೋ, ಅವರ ವಿರುದ್ಧ ವಾದಿಸುವವರು ಅಷ್ಟೇ ಸಲ 1954ರ ಸೆಪ್ಟೆಂಬರ್ 17ರ ರಾತ್ರಿಯನ್ನು ನೆನಪಿಸುತ್ತಾರೆ. ಅಂದು ಎಝರ್ಡ್ ಚಾರ್ಲ್ಸ್ ವಿರುದ್ಧದ ಎರಡನೆಯ ಪಂದ್ಯದಲ್ಲಿ ಮಾರ್ಸಿಯಾನೊ ಅವರ ಮೂಗಿನ ತುದಿ ಸೀಳಿ ರಕ್ತ ನಿಲ್ಲದೆ ಸುರಿಯುತ್ತಿತ್ತು. ಪಂದ್ಯವನ್ನು ನಿಲ್ಲಿಸಿಬಿಟ್ಟಾರೆಂಬ ಭಯದಲ್ಲಿ ಅವರು ಎಂಟನೆಯ ಸುತ್ತಿನಲ್ಲಿ ಮುನ್ನುಗ್ಗಿ ಚಾರ್ಲ್ಸ್ ಅವರನ್ನು ನಾಕೌಟ್ ಮಾಡಿ ಪಟ್ಟ ಉಳಿಸಿಕೊಂಡರು. ಮಯಾಮಿಯ ಸ್ಟುಡಿಯೊದಲ್ಲಿ ಚಿತ್ರೀಕರಿಸಿದ್ದ ಆ ಎಪ್ಪತ್ತು ಸುತ್ತುಗಳಿಂದ ವೊರೊನರ್ ಇನ್ನೊಂದು ಆವೃತ್ತಿಯನ್ನೂ ಜೋಡಿಸಿದ್ದರು. ಯುರೋಪಿನ ಪ್ರೇಕ್ಷಕರಿಗೆ ತೋರಿಸಿದ ಆ ಆವೃತ್ತಿಯಲ್ಲಿ ಅಲಿ ನೆಲಕ್ಕೆ ಬಿದ್ದು ಸೋಲುವುದಿಲ್ಲ. ಮಾರ್ಸಿಯಾನೊ ಮುಖದ ಗಾಯಗಳಿಂದಾಗಿ ಪಂದ್ಯ ನಿಲ್ಲುತ್ತದೆ, ಅಲಿಯ ಕೈ ಮೇಲೇರುತ್ತದೆ.