ಕ್ರಿಯಾಟಿನಿನ್ ಏರಿದರೂ ನಿಲ್ಲಿಸಬಾರದ ಮಾತ್ರೆ

ಸ್ಕ್ಲೀರೋಡರ್ಮಾ ಎಂದರೆ ಚರ್ಮ ಬಿಗಿಯುವ ಕಾಯಿಲೆ ಎಂದಷ್ಟೇ ಹಲವರು ತಿಳಿದಿರುತ್ತಾರೆ. ಬೆರಳುಗಳು ಗಡುಸಾಗುತ್ತವೆ, ಬಾಯಿ ಅಗಲಿಸುವುದು ಕಷ್ಟವಾಗುತ್ತದೆ. ಇವೆಲ್ಲ ಕಣ್ಣಿಗೆ ಬೀಳುವಂಥವು. ಕಣ್ಣಿಗೆ ಬೀಳದ ಅಪಾಯ ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿದೆ. ಕೆಲವರಲ್ಲಿ ಅವುಗಳ ಒಳಗೋಡೆ ಈರುಳ್ಳಿಯಂತೆ ಪದರ ಪದರವಾಗಿ ದಪ್ಪಗಾಗಿ, ರಕ್ತ ಹರಿಯುವ ದಾರಿಯೇ ಕಿರಿದಾಗುತ್ತದೆ.

ಆಗ ಮೂತ್ರಪಿಂಡ ಮೋಸಹೋಗುತ್ತದೆ. ತನಗೆ ರಕ್ತ ಸಾಲುತ್ತಿಲ್ಲವೆಂದರೆ ಇಡೀ ದೇಹದಲ್ಲೇ ರಕ್ತದೊತ್ತಡ ಕುಸಿದಿದೆ ಎಂದು ಬಗೆದು ರೆನಿನ್ ಎಂಬ ಕಿಣ್ವವನ್ನು ಸುರಿಸುತ್ತದೆ. ಅದರಿಂದ ಶುರುವಾದ ಸರಪಳಿಯ ಕೊನೆಗೆ ಹುಟ್ಟುವ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ರಕ್ತನಾಳಗಳನ್ನು ಇನ್ನಷ್ಟು ಹಿಂಡುತ್ತದೆ. ಗಾಯದ ಮೇಲೆ ಬರೆ! ರಕ್ತದೊತ್ತಡ ದಿಢೀರನೆ ಏರಿ, ತಲೆನೋವು, ಮಂಜಾದ ದೃಷ್ಟಿ, ಕೆಲವೇ ವಾರಗಳಲ್ಲಿ ಮೂತ್ರಪಿಂಡ ವೈಫಲ್ಯ.

ಈ ಸರಪಳಿಯ ಕೊಂಡಿ ಕಳಚುವ ಸುಳಿವು ಸಿಕ್ಕಿದ್ದು ಹಾವಿನ ವಿಷದಲ್ಲಿ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲ ಹಾವಿನ ವಿಷದಲ್ಲಿರುವ ಅಂಶಗಳು ಆಂಜಿಯೋಟೆನ್ಸಿನ್-2 ತಯಾರಿಸುವ ಎಸಿಇ ಎಂಬ ಕಿಣ್ವವನ್ನು ತಡೆಯುತ್ತವೆ. ಅದರ ಜಾಡು ಹಿಡಿದು ವಿಜ್ಞಾನಿಗಳಾದ ಕುಶ್‌ಮನ್, ಒಂಡೆಟ್ಟಿ ಮತ್ತು ಸಂಗಡಿಗರು ರೂಪಿಸಿದ ಕ್ಯಾಪ್ಟೋಪ್ರಿಲ್ ಮಾತ್ರೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂತ್ರಪಿಂಡದ ಈ ಬಿಕ್ಕಟ್ಟಿಗೆ ಸಿಲುಕಿ ಎಸಿಇ ತಡೆಯುವ ಔಷಧ ಪಡೆಯದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 15, ಪಡೆದವರಲ್ಲಿ 76.

ಚಿಕಿತ್ಸೆಯ ಕಠಿಣ ಗಳಿಗೆ ಬರುವುದು ಮಾತ್ರೆ ಶುರುವಾದ ಮೇಲೆ. ರಕ್ತದೊತ್ತಡ ಇಳಿಯುತ್ತಿರುತ್ತದೆ, ಆದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ಮಾತ್ರ ರಕ್ತದಲ್ಲಿ ಏರುತ್ತಲೇ ಹೋಗಬಹುದು. ಬೇರೆ ಕಾಯಿಲೆಯಾಗಿದ್ದರೆ ಈ ಔಷಧ ನಿಲ್ಲಿಸುವ ಯೋಚನೆ ಸಹಜ. ಇಲ್ಲಿ ನಿಲ್ಲಿಸುವುದೇ ತಪ್ಪು. ಡಯಾಲಿಸಿಸ್ ಶುರುವಾದರೂ ಮಾತ್ರೆ ಮುಂದುವರಿಯುತ್ತದೆ. ಏಕೆಂದರೆ ಎಷ್ಟೋ ತಿಂಗಳ ಬಳಿಕ, ಕೆಲವೊಮ್ಮೆ ಒಂದೂವರೆ ವರ್ಷದ ಮೇಲೂ, ಮೂತ್ರಪಿಂಡ ಚೇತರಿಸಿಕೊಂಡು ಡಯಾಲಿಸಿಸ್ ಬಿಟ್ಟವರಿದ್ದಾರೆ. ಮೂತ್ರಪಿಂಡ ಕಸಿಗೆ ವೈದ್ಯರು ಆತುರಪಡದಿರುವುದೂ ಇದಕ್ಕೇ.

ಇನ್ನೊಂದು ತಿರುವು ಸ್ಟೀರಾಯ್ಡ್‌ನದು. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್ ರೋಗ ಮೂತ್ರಪಿಂಡಕ್ಕೆ ಇಳಿದಾಗ ಕೈಹಿಡಿಯುವ ಅದೇ ಔಷಧ ಇಲ್ಲಿ ಶತ್ರುವಾಗಬಹುದು. ದಿನಕ್ಕೆ 15 ಮಿಲಿಗ್ರಾಂ ಮೀರಿದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಈ ಬಿಕ್ಕಟ್ಟಿನ ಅಪಾಯವನ್ನು ಹೆಚ್ಚಿಸುತ್ತದೆ. ಹಾಗಾದರೆ ಎಸಿಇ ತಡೆಯುವ ಮಾತ್ರೆಯನ್ನು ಮೊದಲೇ ನುಂಗಿದರಾಯಿತಲ್ಲ ಎನ್ನಬೇಡಿ. ಮುನ್ನೆಚ್ಚರಿಕೆಯಾಗಿ ಅದರಿಂದ ಪ್ರಯೋಜನ ಕಂಡುಬಂದಿಲ್ಲ.

ಉಳಿದಿರುವುದು ಮನೆಯ ಬಿಪಿ ಯಂತ್ರ. ಕಾಯಿಲೆಯ ಮೊದಲ ನಾಲ್ಕೈದು ವರ್ಷಗಳಲ್ಲಿ, ಅದರಲ್ಲೂ ಚರ್ಮ ವೇಗವಾಗಿ ಬಿಗಿಯುತ್ತಿರುವವರಿಗೆ, ಅದು ತೀರಾ ಮುಖ್ಯ. ಸದಾ 100/60 ಇರುತ್ತಿದ್ದವರಿಗೆ ಒಂದು ದಿನ 138/88 ಬಂದರೆ ಪಕ್ಕದವರು "ಇದೇನು ಮಹಾ" ಎಂದಾರು. ಆದರೆ ಆ ರೋಗಿ ಅಂದೇ ವೈದ್ಯರಿಗೆ ಫೋನ್ ಮಾಡಬೇಕು.