ಸೋತವರೂ ಒಪ್ಪಿದ ಹಾಗೇನಾ?

ನಮ್ಮೂರ ಡೇರಿ ಚುನಾವಣೆ ಮುಗಿದ ಮಾರನೇ ಬೆಳಗ್ಗೆ ಸೋತ ಬಣದವರೂ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದರು. ಮುಖ ಗಂಟು ಹಾಕಿಕೊಂಡೇ ಹಾಲು ಅಳೆಸಿದರು. ಅಲ್ಲಿಗೆ ಹೊಸ ಅಧ್ಯಕ್ಷರನ್ನು ಒಪ್ಪಿದ ಹಾಗಾಯ್ತಾ? ‘ಇನ್ನೆಲ್ಲಿಗೆ ಹಾಕೋಣ ಹೇಳಿ’ ಅಂದರು ಒಬ್ಬರು.

ಪ್ರಶ್ನೆ ಹಳೆಯದು. ಜನ ಒಪ್ಪಿದರೆ ಮಾತ್ರ ಆಳುವ ಹಕ್ಕು ಎಂದು 17ನೇ ಶತಮಾನದಲ್ಲಿ ವಾದಿಸಿದವನು ಇಂಗ್ಲೆಂಡಿನ ಜಾನ್ ಲಾಕ್. ಬಾಯಿಬಿಟ್ಟು ಒಪ್ಪದವರ ಕಥೆ? ದೇಶದ ಹೆದ್ದಾರಿಯಲ್ಲಿ ಓಡಾಡಿದರೂ ಒಪ್ಪಿದಂತೆಯೇ ಅಂದ. ಮದ್ದೂರಿನವರು ಮಂಡ್ಯಕ್ಕೆ ಹಾರಿಕೊಂಡು ಹೋಗಬೇಕಿತ್ತೇನೋ!

ಮೈಸೂರಿನಲ್ಲಿ ಜನರ ಮಾತು ಕೇಳುವುದು ಶುರುವಾಗಿದ್ದು 1881ರಲ್ಲಿ. ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದ ವರ್ಷ ಅದು. ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆ ಹೊತ್ತಿಗೆ 144 ಮಂದಿ ಬಂದರು, ಊರಿನ ದೊಡ್ಡ ರೈತರು, ವರ್ತಕರು. ದಿವಾನರು ಆಡಳಿತದ ವರದಿ ಓದಿದರು. ಬಂದವರು ತಮ್ಮ ಕಡೆಯ ಕಷ್ಟ ಹೇಳಿಕೊಂಡರು. ಅಷ್ಟೇ. ಮತ ಹಾಕಿ ಏನನ್ನೂ ತಡೆಯುವ ಹಾಗಿರಲಿಲ್ಲ. ಆ ಕಾಲಕ್ಕೆ ಅದೂ ಸಣ್ಣ ಮಾತಲ್ಲ, ನಿಜ. ಆದರೆ ಅಹವಾಲು ಕೇಳುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ ಅಲ್ವಾ? ಆಮೇಲೆ ಚುನಾವಣೆ ಬಂದರೂ ಮತ ಇದ್ದದ್ದು ಆಸ್ತಿಪಾಸ್ತಿ, ಓದುಬರಹ ಇದ್ದವರಿಗೆ.

‘ಒಪ್ಪಿಲ್ಲ’ ಎಂದು ಜನ ಗಟ್ಟಿಯಾಗಿ ಹೇಳಿದ್ದು 1938ರ ಏಪ್ರಿಲ್‌ನಲ್ಲಿ, ಮದ್ದೂರು ಹತ್ತಿರದ ಶಿವಪುರದಲ್ಲಿ. ಕಾಂಗ್ರೆಸ್ ಬಾವುಟ ಹಾರಿಸಬೇಡಿ ಎಂದಿತ್ತು ಮೈಸೂರು ಸರ್ಕಾರ. ಸಾವಿರಾರು ಜನ ಸೇರಿದರು, ಬಾವುಟ ಏರಿತು, ನಾಯಕರ ಬಂಧನವಾಯಿತು. ಸತ್ಯಾಗ್ರಹ ಸೌಧ ಈಗಲೂ ಅಲ್ಲಿದೆ. ಅವರೆಲ್ಲ ಅಲ್ಲಿಗೆ ಬಂದದ್ದೂ ಸರ್ಕಾರದ ರಸ್ತೆಯಲ್ಲೇ! ಜನರ ಸರ್ಕಾರ ಬೇಕೆಂದು 1947ರಲ್ಲಿ ನಡೆದ ಮೈಸೂರು ಚಲೋ ಚಳವಳಿಯ ನಂತರ ಕೆ.ಸಿ. ರೆಡ್ಡಿ ಸರ್ಕಾರ ಬಂತು. ವಯಸ್ಕರೆಲ್ಲರಿಗೂ ಮತ ಸಿಕ್ಕಿದ್ದು 1952ರ ಚುನಾವಣೆ ಹೊತ್ತಿಗೆ.

ಅಲ್ಲಿಗೆ ಬಹುಮತ ಬಂತೇ? 2018 ನೋಡಿ. ಕಾಂಗ್ರೆಸ್‌ಗೆ ಶೇ 38 ಮತ, 80 ಸೀಟು. ಬಿಜೆಪಿಗೆ ಶೇ 36 ಮತ, 104 ಸೀಟು. ಮಂಡ್ಯದ ಏಳಕ್ಕೆ ಏಳೂ ಗೆದ್ದ ಜೆಡಿಎಸ್‌ಗೆ ಒಟ್ಟು 37 ಸೀಟು, ಕೊನೆಗೆ ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾದದ್ದು ಅದರ ಎಚ್.ಡಿ. ಕುಮಾರಸ್ವಾಮಿ. ಅರ್ಧದಷ್ಟು ಮತ ಯಾರಿಗೂ ಬಂದಿರಲಿಲ್ಲ. ಇದನ್ನು ಜನರ ಒಪ್ಪಿಗೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸೋತವರು ಗೆದ್ದವರನ್ನು ಒಪ್ಪುವುದಿಲ್ಲ, ಎಣಿಕೆಯನ್ನು ಒಪ್ಪುತ್ತಾರೆ. ಅದೂ ಮತ್ತೊಮ್ಮೆ ಎಣಿಸುತ್ತಾರೆ ಎಂಬ ನಂಬಿಕೆ ಇದ್ದರೆ. 2023ರಲ್ಲಿ ಮಂಡ್ಯದ ಏಳರಲ್ಲಿ ಜೆಡಿಎಸ್‌ಗೆ ಉಳಿದದ್ದು ಒಂದೇ.

ಡೇರಿಯಲ್ಲಿ ‘ಇನ್ನೆಲ್ಲಿಗೆ ಹಾಕೋಣ’ ಅಂದವರು ಕ್ಯಾನ್ ತೊಳೆದಿಟ್ಟು, ಮಗನಿಗೂ ಒಂದು ಷೇರು ಮಾಡಿಸಬೇಕು, ಅರ್ಜಿ ಕೊಡಿ ಅಂತ ಕಾರ್ಯದರ್ಶಿಯನ್ನು ಕೇಳುತ್ತಿದ್ದರು.