ಸುನಿತಾ ಏರಿಹೋದ ನೌಕೆ ಖಾಲಿ ಮರಳಿದ್ದೇಕೆ?

ಎಂಟು ದಿನಕ್ಕೆಂದು ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆಯಲ್ಲಿ ಹೋದ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 286 ದಿನ ಬಾಹ್ಯಾಕಾಶದಲ್ಲಿ ಉಳಿದರು. ಇಷ್ಟು ಎಲ್ಲರಿಗೂ ನೆನಪಿದೆ. ಏಕೆ ಎಂದು ಕೇಳಿದರೆ ಮಾತ್ರ ಉತ್ತರಗಳು ಗೋಜಲು: ಹೀಲಿಯಂ ಸೋರಿತು, ಥ್ರಸ್ಟರ್ (ದಿಕ್ಕು ತಿದ್ದುವ ಪುಟ್ಟ ಎಂಜಿನ್) ಕೆಟ್ಟಿತು, ಸೀಟಿರಲಿಲ್ಲ, ಸೂಟಿರಲಿಲ್ಲ, ಚುನಾವಣೆ ಅಡ್ಡಬಂತು. ಹೀಲಿಯಂ ಸೋರಿದ್ದು ನಿಜ. ಆದರೆ ನೌಕೆಯನ್ನು ಖಾಲಿ ಕಳಿಸುವಂತೆ ಮಾಡಿದ್ದು ಅದಲ್ಲ.

2011ರ ಜುಲೈನಲ್ಲಿ ನಾಸಾದ ಸ್ಪೇಸ್ ಷಟಲ್ ನೌಕೆಗಳ ಹಾರಾಟ ನಿಂತ ಮೇಲೆ ಅಮೆರಿಕದವರು ರಷ್ಯಾದ ಸೊಯೂಜ್‌ನಲ್ಲಿ ದುಬಾರಿ ಸೀಟು ಕೊಂಡು ಓಡಾಡಿದರು. 2014ರಲ್ಲಿ ನಾಸಾ ಎರಡು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು: ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಒಂದು ನೌಕೆ ಕೈಕೊಟ್ಟರೆ ಇನ್ನೊಂದಿರಲಿ ಎಂಬ ಲೆಕ್ಕ. 2020ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ಇಬ್ಬರನ್ನು ಹೊತ್ತು ಹೋಯಿತು. ಸ್ಟಾರ್‌ಲೈನರ್ ಮಾತ್ರ ಮುಗ್ಗರಿಸುತ್ತಲೇ ಇತ್ತು. 2019ರ ಡಿಸೆಂಬರ್‌ನಲ್ಲಿ, ಯಾರೂ ಇಲ್ಲದ ಮೊದಲ ಹಾರಾಟದಲ್ಲಿ, ರಾಕೆಟ್‌ನಿಂದ ಸಮಯವನ್ನು ಓದಬೇಕಾದ್ದಕ್ಕಿಂತ ಮೊದಲೇ ಓದಿಕೊಂಡ ನೌಕೆಯ ಗಡಿಯಾರ 11 ಗಂಟೆ ತಪ್ಪಿತು. ಎಂಜಿನ್ ಸಮಯಕ್ಕೆ ಉರಿಯಲಿಲ್ಲ, ಇಂಧನ ವ್ಯರ್ಥವಾಯಿತು, ತಲುಪಬೇಕಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೈತಪ್ಪಿತು. 2021ರಲ್ಲಿ ಉಡಾವಣೆಗೆ ಮುನ್ನವೇ 13 ಕವಾಟಗಳು ಅಂಟಿಕೊಂಡವು. ಟೆಫ್ಲಾನ್ ಸೀಲ್ ದಾಟಿ ಒಸರಿದ, ಇಂಧನ ಉರಿಸುವ ದ್ರವವಾದ ನೈಟ್ರೋಜನ್ ಟೆಟ್ರಾಕ್ಸೈಡ್ ಗಾಳಿಯ ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ ಅಲ್ಯೂಮಿನಿಯಂ ಅನ್ನು ಕೊರೆದಿತ್ತು. 2022ರ ಮೇನಲ್ಲಿ ನೌಕೆ ನಿಲ್ದಾಣವನ್ನೇನೋ ಮುಟ್ಟಿತು. ಆದರೆ ಆಗಲೂ ಕೆಲವು ಥ್ರಸ್ಟರ್‌ಗಳು ಕೈಕೊಟ್ಟಿದ್ದವು. ಆ ಸುಳಿವನ್ನು ಇನ್ನಷ್ಟು ಕೆದಕಬೇಕಿತ್ತು.

ಈಗ ಮುಖ್ಯ ಭಾಗಕ್ಕೆ ಬರೋಣ. ಯಾತ್ರಿಗಳು ಕೂರುವ ಕ್ಯಾಪ್ಸೂಲ್ ಹಿಂದಿನ, ಎಂಜಿನ್‌ಗಳನ್ನು ಹೊತ್ತ ಸರ್ವೀಸ್ ಮಾಡ್ಯೂಲ್ ಸುತ್ತ ನಾಲ್ಕು ಗೂಡುಗಳಿವೆ. ಎಂಜಿನಿಯರುಗಳ ಬಾಯಲ್ಲಿ ಅವು ಡಾಗ್‌ಹೌಸ್. ಅವುಗಳಲ್ಲಿ ಎರಡು ಜಾತಿಯ ಎಂಜಿನ್‌ಗಳು ಒತ್ತೊತ್ತಾಗಿ ಕೂತಿವೆ. ಕಕ್ಷೆ ಬದಲಿಸಲು ತಲಾ ಸುಮಾರು 680 ಕಿಲೋ ಬಲದ 20 ದೊಡ್ಡವು, ದಿಕ್ಕು ತಿದ್ದಲು ತಲಾ 38 ಕಿಲೋ ಬಲದ 28 ಚಿಕ್ಕವು. ಎರಡಕ್ಕೂ ಮೊನೊಮಿಥೈಲ್ ಹೈಡ್ರಜೀನ್ ಇಂಧನ, ಅದನ್ನು ಉರಿಸುವ ಆಕ್ಸಿಡೈಸರ್ ನೈಟ್ರೋಜನ್ ಟೆಟ್ರಾಕ್ಸೈಡ್. ಇವೆರಡು ಸೇರಿದರೆ ಸಾಕು, ಕಿಡಿಯೇ ಬೇಡ. ಕವಾಟಗಳನ್ನು ತೆರೆಯಲು, ದ್ರವವನ್ನು ತಳ್ಳಲು ಹೀಲಿಯಂ ಒತ್ತಡ ಬೇಕು. ಅದು ಐದು ಕಡೆ ಸೋರುತ್ತಿತ್ತು, ಆದರೆ ವಾಪಸಾತಿಗೆ 7 ಗಂಟೆಗಾಗುವಷ್ಟು ಸಾಕಾಗಿದ್ದರೆ ನೌಕೆಯಲ್ಲಿ 70 ಗಂಟೆಗಾಗುವಷ್ಟಿತ್ತು.

2024ರ ಜೂನ್ 6ರಂದು ನಿಲ್ದಾಣದ ಹತ್ತಿರ ಬರುವಾಗ ಚಿಕ್ಕ ಥ್ರಸ್ಟರ್‌ಗಳಲ್ಲಿ ಐದು ಒಂದೊಂದಾಗಿ ಬಲ ಕಳೆದುಕೊಂಡವು. ಒತ್ತಡ ಕುಸಿದದ್ದನ್ನು ಕಂಡ ಕಂಪ್ಯೂಟರ್ ಅವನ್ನು ಪಟ್ಟಿಯಿಂದ ತೆಗೆಯಿತು. ಒಂದು ಹಂತದಲ್ಲಿ ನೌಕೆಯನ್ನು ಎಲ್ಲ ದಿಕ್ಕಿಗೂ ನಡೆಸುವ ಶಕ್ತಿಯೇ ಹೋಯಿತು. ವಿಲ್ಮೋರ್ ಚಾಲನೆಯನ್ನು ತಮ್ಮ ಕೈಗೆ ತೆಗೆದುಕೊಂಡು ನೌಕೆಯನ್ನು ಸ್ಥಿರವಾಗಿ ನಿಲ್ಲಿಸಿದರು, ನೆಲದವರು ಥ್ರಸ್ಟರ್‌ಗಳನ್ನು ಮತ್ತೆ ಉರಿಸಿ ನೋಡಿ ನಾಲ್ಕನ್ನು ಎಬ್ಬಿಸಿದರು, ಆಮೇಲೆ ನೌಕೆ ಜೋಡಣೆಯಾಯಿತು. ಸಾಮಾನ್ಯವಾಗಿ ಸುದ್ದಿಯಲ್ಲಿ ಎರಡು ಸಾಲು ಪಡೆದ ಈ ಘಳಿಗೆಯೇ ಇಡೀ ಯಾನದ ಅತಿ ಅಪಾಯದ ಘಳಿಗೆ.

ಕಾರಣ ಸಿಕ್ಕಿದ್ದು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ. ಮುಂದಿನ ಹಾರಾಟಕ್ಕೆ ಇಟ್ಟಿದ್ದ ಥ್ರಸ್ಟರ್ ಒಂದನ್ನು, ನೌಕೆ ಅನುಭವಿಸಿದ ಕ್ರಮದಲ್ಲೇ ಉರಿಸಿ ಬಿಚ್ಚಿ ನೋಡಿದರು. ಆಕ್ಸಿಡೈಸರ್ ಕವಾಟದೊಳಗಿನ ಪುಟ್ಟ ಟೆಫ್ಲಾನ್ ಸೀಲ್ ಉಬ್ಬಿ ದಾರಿಗೆ ಅಡ್ಡಬಂದಿತ್ತು. ಬಿಸಿಲು, ಪಕ್ಕದ ದೊಡ್ಡ ಎಂಜಿನ್‌ಗಳ ಶಾಖ, ಕ್ಷಣಕ್ಷಣ ಹೊತ್ತಿ ಆರುವ ಚಿಕ್ಕವುಗಳ ಎಡೆಬಿಡದ ಮಿಡಿತ ಎಲ್ಲವೂ ಸೇರಿ ಮುಚ್ಚಿದ ಗೂಡಿನಲ್ಲಿ ಶಾಖ ನಿಂತುಬಿಟ್ಟಿತ್ತು. ಬಿಡಿಬಿಡಿಯಾಗಿ ಪಾಸಾದ ಭಾಗಗಳು ಒಂದೇ ಗೂಡಿನಲ್ಲಿ ಒಟ್ಟಿಗೆ ಬೆಂದಾಗ ಏನಾಗುತ್ತದೆ ಎಂಬುದು ಇಬ್ಬರು ಮನುಷ್ಯರು ಒಳಗಿದ್ದಾಗ ಗೊತ್ತಾಗಬಾರದಿತ್ತು.

ವಿಚಿತ್ರವೆಂದರೆ, ಜುಲೈ ಕೊನೆಯಲ್ಲಿ ನಿಲ್ದಾಣಕ್ಕೆ ಅಂಟಿಕೊಂಡೇ ಉರಿಸಿ ನೋಡಿದಾಗ 28ರಲ್ಲಿ 27 ಥ್ರಸ್ಟರ್ ಚೆನ್ನಾಗಿ ಕೆಲಸ ಮಾಡಿದವು. ಒಂದು ಪಕ್ಷದ ಎಂಜಿನಿಯರುಗಳಿಗೆ ಇದು ಧೈರ್ಯ ಕೊಟ್ಟಿತು. ಇನ್ನೊಂದು ಪಕ್ಷಕ್ಕೆ ಇದೇ ಭಯದ ಮೂಲ: ಉಬ್ಬಿದ ಸೀಲ್ ತಾನಾಗಿ ಹೇಗೆ ಸರಿಹೋಯಿತು? ಅದು ತಿಳಿಯದೆ ಮತ್ತೆ ಉಬ್ಬುವುದಿಲ್ಲವೆಂದು ಹೇಳುವುದು ಹೇಗೆ? ಕಕ್ಷೆಯಿಂದ ಇಳಿಸಲು ದೊಡ್ಡ ಎಂಜಿನ್‌ಗಳು ಉರಿಯುವಾಗ ನೌಕೆಯ ಮೂತಿಯನ್ನು ನೇರ ಹಿಡಿಯುವುದು ಈ ಚಿಕ್ಕವೇ. ಮೇಲಾಗಿ ಸರ್ವೀಸ್ ಮಾಡ್ಯೂಲ್ ವಾತಾವರಣದಲ್ಲಿ ಸುಟ್ಟುಹೋಗುವುದರಿಂದ ಕೆಟ್ಟ ಭಾಗವನ್ನು ಕೈಗೆತ್ತಿಕೊಂಡು ನೋಡುವ ಅವಕಾಶ ಎಂದೂ ಸಿಗದು. ಎರಡು ತಿಂಗಳು ಪರೀಕ್ಷೆಗಳನ್ನು ಎಳೆದದ್ದು ಇದಕ್ಕೇ.

ಆಗಸ್ಟ್ 24ರಂದು ನಾಸಾ ಖಾಲಿ ವಾಪಸಾತಿಯನ್ನು ಆರಿಸಿತು. ಕಲ್ಪನಾ ಚಾವ್ಲಾ ತೀರಿಕೊಂಡ ಕೊಲಂಬಿಯಾ ಷಟಲ್ ದುರಂತದ ನೆನಪು ಆ ದಿನದ ಮಾತುಗಳಲ್ಲೂ ಬಂತು. ಸೆಪ್ಟೆಂಬರ್ 7ರಂದು ನೌಕೆ ಸುಸೂತ್ರವಾಗಿ ವೈಟ್ ಸ್ಯಾಂಡ್ಸ್‌ನಲ್ಲಿ ಇಳಿಯಿತು. ಹಾಗಾದರೆ ಕೂರಿಸಿಯೇ ತರಬಹುದಿತ್ತಲ್ಲ ಎನ್ನುವವರು, ಜೂಜು ಗೆದ್ದವನು ಆಡಿದ್ದು ಸರಿಯೆಂದು ವಾದಿಸಿದಂತೆ.

ಉಳಿದ ವಿಳಂಬ ಬರೀ ಜಾಗದ ಲೆಕ್ಕ. ಈ ನೌಕೆಗಳು ಜೋಡಣೆಯಾಗಬಲ್ಲ ದ್ವಾರಗಳು ಎರಡೇ. ಒಂದರಲ್ಲಿ ಸ್ಟಾರ್‌ಲೈನರ್, ಇನ್ನೊಂದರಲ್ಲಿ ಆಗ ನಿಲ್ದಾಣದಲ್ಲಿದ್ದ ಕ್ರೂ-8 ತಂಡದ ಡ್ರ್ಯಾಗನ್. ಸ್ಟಾರ್‌ಲೈನರ್ ಹೊರಡದೆ ಮುಂದಿನ ತಂಡವಾದ ಕ್ರೂ-9ರ ಡ್ರ್ಯಾಗನ್ ಬರುವಂತಿಲ್ಲ, ಯಾರೂ ಇಲ್ಲದೆ ಹೊರಡಲು ಸ್ಟಾರ್‌ಲೈನರ್‌ನ ತಂತ್ರಾಂಶಕ್ಕೆ ಹೊಸ ದತ್ತಾಂಶ ತುಂಬಬೇಕು. ಸ್ಟಾರ್‌ಲೈನರ್‌ನ ನೀಲಿ ಸೂಟು ಡ್ರ್ಯಾಗನ್‌ಗೆ ಹೊಂದದು. ನಿಲ್ದಾಣದಲ್ಲಿದ್ದ ಒಂದು ಬಿಡಿ ಸೂಟು ಸುನಿತಾಗೆ ಹಿಡಿಸಿತು, ವಿಲ್ಮೋರ್‌ದು ಕೆಳಗಿನಿಂದ ಬರಬೇಕಾಯಿತು. ಕ್ರೂ-9 ಬರುವ ತನಕ ತುರ್ತಿದ್ದರೆ ಕ್ರೂ-8ರ ಸರಕು ಜಾಗದಲ್ಲಿ ಫೋಮ್ ಹಾಸಿ ಕಟ್ಟಿಕೊಂಡು ಇಳಿಯುವ ಏರ್ಪಾಡಿತ್ತು. ಕ್ರೂ-9 ಎರಡು ಸೀಟು ಖಾಲಿ ಬಿಟ್ಟು ಸೆಪ್ಟೆಂಬರ್ 28ಕ್ಕೆ ಹೊರಟಿತು, ಅದರ ಪಾಳಿ ಮುಗಿದು ನಾಲ್ವರೂ 2025ರ ಮಾರ್ಚ್ 18ರಂದು ಮರಳಿದರು. ಆ ವರ್ಷದ ನವೆಂಬರ್‌ನಲ್ಲಿ ಸ್ಟಾರ್‌ಲೈನರ್‌ನ ಆರು ಯಾನಗಳ ಗುತ್ತಿಗೆ ನಾಲ್ಕಕ್ಕಿಳಿಯಿತು, ಮುಂದಿನದು ಸರಕು ಮಾತ್ರ ಒಯ್ಯುವುದೆಂದಾಯಿತು.

ನಮ್ಮ ಗಗನಯಾನಕ್ಕೂ ಈ ಕಥೆ ದೂರದ್ದಲ್ಲ. ಅದರ ಸರ್ವೀಸ್ ಮಾಡ್ಯೂಲ್‌ನಲ್ಲಿಯೂ ಇದೇ ಕುಟುಂಬದ ದ್ರವಗಳು, 440 ನ್ಯೂಟನ್‌ನ ಐದು ಎಂಜಿನ್, 100 ನ್ಯೂಟನ್‌ನ 16 ಥ್ರಸ್ಟರ್. 2025ರ ಜುಲೈನಲ್ಲಿ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಇಸ್ರೋ ಅವನ್ನು ಒಂದೇ ವ್ಯವಸ್ಥೆಯಾಗಿ ಜೋಡಿಸಿ 350 ಸೆಕೆಂಡ್ ಉರಿಸಿತು. ಬಿಸಿಲು, ನಿರ್ವಾತ, ಹೊದಿಕೆಗಳ ನಡುವೆ ಅವೇ ಥ್ರಸ್ಟರ್‌ಗಳು ಗಂಟೆಗಟ್ಟಲೆ ಮಿಡಿದಾಗ ಕವಾಟ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಅಳೆಯಬೇಕಾದ ಜಾಗ, ಯಾರೂ ಕೂರದ ಮೊದಲ ಹಾರಾಟ.